ಬೆಟ್ಟ ಯಾರದು?

ಅಮೆರಿಕದ ಯೂಟಾ ರಾಜ್ಯದಲ್ಲಿ ಆಲ್ಟಾ ಎಂಬ ಬೆಟ್ಟದೂರಿದೆ. ಒಂದು ಕಾಲಕ್ಕೆ ಅದು ಬೆಳ್ಳಿ ಗಣಿಗಳ ಊರು. 1939ರಿಂದ ಸ್ಕೀ ಆಡುವವರ ತಾಣ. ಅಲ್ಲಿ ವರ್ಷಕ್ಕೆ ಸರಾಸರಿ 12 ಮೀಟರಿಗೂ ಹೆಚ್ಚು ಹಿಮ ಬೀಳುತ್ತದೆ. ಕಾಲಿಗೊಂದರಂತೆ ಸ್ಕೀ ಪಟ್ಟಿ ಕಟ್ಟಿಕೊಂಡು ಜಾರುವವರಿಗೆ ಅಲ್ಲಿ ಸ್ವಾಗತವಿದೆ. ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದು, ಪಕ್ಕಕ್ಕೆ ತಿರುಗಿ ನಿಂತು ಜಾರುವ ಸ್ನೋಬೋರ್ಡಿನವರಿಗೆ ಪ್ರವೇಶವಿಲ್ಲ. ಅಮೆರಿಕದಲ್ಲಿ ಈ ನಿಷೇಧವನ್ನು ಉಳಿಸಿಕೊಂಡ ಹೆಸರಾಂತ ತಾಣಗಳು ಮೂರು: ಆಲ್ಟಾ, ಅದೇ ರಾಜ್ಯದ ಡಿಯರ್ ವ್ಯಾಲಿ, ವರ್ಮಾಂಟ್ ರಾಜ್ಯದ ಮ್ಯಾಡ್ ರಿವರ್ ಗ್ಲೆನ್.

ಹಿಮದ ಮೇಲೆ ಜಾರಿದ ಅನುಭವ ನನಗಿಲ್ಲ. ಆದರೂ ಈ ಜಗಳ ನನ್ನನ್ನು ಬಿಟ್ಟಿಲ್ಲ. ‘ನಮಗೆ ಇದು ಇಷ್ಟ’ ಎನ್ನುವ ಮಾತು ಯಾವ ಹಂತದಲ್ಲಿ ‘ನೀವು ಇಲ್ಲಿಗೆ ಬರಬೇಡಿ’ ಎಂದಾಗುತ್ತದೆ? ಹಾಗಾಗುವುದು ಎಷ್ಟರಮಟ್ಟಿಗೆ ನ್ಯಾಯ?

ಸ್ಕೀಯವರ ವಾದ ಹೀಗಿದೆ. ಪಕ್ಕಕ್ಕೆ ತಿರುಗಿ ಜಾರುವವನಿಗೆ ಬೆನ್ನ ಹಿಂದಿನವರು ಕಾಣುವುದಿಲ್ಲ, ಡಿಕ್ಕಿಯಾಗುವ ಭಯ. ಆಲ್ಟಾದ ಒಳ್ಳೆಯ ಇಳಿಜಾರುಗಳನ್ನು ಮುಟ್ಟಲು ಬೆಟ್ಟದ ಮಗ್ಗುಲಲ್ಲಿ ಬಹುದೂರ ಅಡ್ಡ ಸಾಗಬೇಕು. ಹಲಗೆಯವರು ಅಂಥ ಕಡೆ ನಿಂತುಬಿಡುತ್ತಾರೆ. ಅವರು ಹಲಗೆಯನ್ನು ಅಡ್ಡ ಹಿಡಿದು ಇಳಿದರೆ ಮೇಲಿನ ಮೆತ್ತನೆಯ ಹಿಮ ಕೆರೆದುಹೋಗುತ್ತದೆ. ಇನ್ನೊಂದು ಕಾರಣವನ್ನು ತಗ್ಗಿದ ದನಿಯಲ್ಲಿ ಹೇಳುತ್ತಾರೆ: ಅವರಿಲ್ಲದಿದ್ದರೆ ನೆಮ್ಮದಿ.

ಸ್ನೋಬೋರ್ಡಿನವರ ಉತ್ತರವೂ ಗಟ್ಟಿಯಾಗಿದೆ. ಪಕ್ಕದಲ್ಲೇ ಇರುವ ಸ್ನೋಬರ್ಡ್ ಎಂಬ ತಾಣದಲ್ಲಿ ಇಬ್ಬರೂ ಒಟ್ಟಿಗೆ ಇಳಿಯುತ್ತಾರಲ್ಲ? 1998ರ ನಾಗಾನೊ ಒಲಿಂಪಿಕ್ಸಿನಲ್ಲೇ ನಮ್ಮ ಆಟಕ್ಕೆ ಜಾಗ ಸಿಕ್ಕಿತು. ಇಷ್ಟಾದ ಮೇಲೂ ನೀವು ಅಂಜುವುದು ನಮ್ಮ ಹಲಗೆಗಲ್ಲ, ನಮಗೆ. ಹಲಗೆ ಹಿಡಿದವರೆಲ್ಲ ಪುಂಡರು ಎಂಬ ಹಳೆಯ ಕಲ್ಪನೆ ನಿಮ್ಮನ್ನು ಬಿಟ್ಟಿಲ್ಲ.

2014ರಲ್ಲಿ ನಾಲ್ವರು ಸ್ನೋಬೋರ್ಡಿಗರು ಮೊಕದ್ದಮೆ ಹೂಡಿದರು. ಆಲ್ಟಾದ ಇಳಿಜಾರುಗಳ ಬಹುಪಾಲು ನೆಲ ಸರ್ಕಾರಿ ಅರಣ್ಯದ್ದು, ಕಂಪನಿ ಅದನ್ನು ಪರವಾನಗಿ ಪಡೆದು ಬಳಸುತ್ತದೆ. ಆದ್ದರಿಂದ ಸಂವಿಧಾನದ ಸಮಾನತೆ ಇಲ್ಲಿಗೂ ಅನ್ವಯಿಸಬೇಕು ಎಂಬುದು ಅವರ ವಾದ. ಅದೇ ವರ್ಷ ಮೊಕದ್ದಮೆ ವಜಾ ಆಯಿತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು: ನಿಷೇಧ ಕಂಪನಿಯದು, ಸರ್ಕಾರದ್ದಲ್ಲ. ಅಂದರೆ ನಿಷೇಧ ಯಾರದು ಎಂಬುದನ್ನು ನ್ಯಾಯಾಲಯ ತೀರ್ಮಾನಿಸಿತು. ಅದು ಸರಿಯೇ ಎಂಬ ಪ್ರಶ್ನೆ ನಮಗೆ ಉಳಿಯಿತು.

ಆಲ್ಟಾ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಇದು: ಇಂದು ಹಲಗೆ ತಂದು ವಾಪಸಾದವನೇ ನಾಳೆ ಸ್ಕೀ ಕಟ್ಟಿಕೊಂಡು ಬಂದರೆ ಒಳಗೆ ಬಿಡುತ್ತಾರೆ. ಹುಟ್ಟಿನ ಕಾರಣಕ್ಕೆ, ಬಣ್ಣದ ಕಾರಣಕ್ಕೆ ಬಾಗಿಲು ಮುಚ್ಚುವುದಕ್ಕೂ ಇದಕ್ಕೂ ದೊಡ್ಡ ಅಂತರವಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ನಿಜವಾಗಿ ನೊಂದವರಿಗೆ ಅವಮಾನ. ಆದರೆ ಸಲಕರಣೆ ಬರೀ ಸಲಕರಣೆಯಾಗಿ ಉಳಿಯುವುದಿಲ್ಲ. ಅದನ್ನು ಹಿಡಿದವರ ವಯಸ್ಸು, ಉಡುಪು, ಮಾತು ಎಲ್ಲ ಸೇರಿ ಅದೊಂದು ಗುಂಪಿನ ಗುರುತಾಗುತ್ತದೆ. ‘ಹಲಗೆ ಬೇಡ’ ಎನ್ನುವವನು ‘ಅಂಥವರು ಬೇಡ’ ಎಂದೂ ಹೇಳುತ್ತಿರಬಹುದು.

ನಾನು ಕಾರಣಗಳನ್ನು ಎರಡಾಗಿ ವಿಂಗಡಿಸುತ್ತೇನೆ. ಸುರಕ್ಷತೆಯ ಕಾರಣವನ್ನು ಪರೀಕ್ಷಿಸಬಹುದು. ಪರೀಕ್ಷೆಯಲ್ಲಿ ಬಿದ್ದರೆ ನಿಷೇಧವೂ ಬೀಳಬೇಕು. ಅಭಿರುಚಿಯ ಕಾರಣಕ್ಕೆ ಅಂಥ ಪರೀಕ್ಷೆಯಿಲ್ಲ. ಹಾಗೆಂದು ಅಭಿರುಚಿ ಕೀಳಲ್ಲ. ಮ್ಯಾಡ್ ರಿವರ್ ಗ್ಲೆನ್ ಅನ್ನು 1995ರಲ್ಲಿ ಸ್ಕೀಯವರೇ ಸಹಕಾರ ಸಂಘ ಕಟ್ಟಿ ಕೊಂಡುಕೊಂಡರು. ತಮ್ಮ ಬೆಟ್ಟ ಹೇಗಿರಬೇಕೆಂದು ಅಲ್ಲಿ ಸದಸ್ಯರೇ ನಿರ್ಧರಿಸುತ್ತಾರೆ. ಅವರ ನಿರ್ಧಾರ ನನಗೆ ಹಿಡಿಸದಿರಬಹುದು, ಆದರೆ ಅದನ್ನು ಮಾಡುವ ಹಕ್ಕು ಅವರಿಗಿದೆ. ಆಲ್ಟಾದ ಸಂಗತಿ ಬೇರೆ. ಅಲ್ಲಿನ ನೆಲದಲ್ಲಿ ಹೊರಗೆ ನಿಂತವನದೂ ಪಾಲಿದೆ. ಎಲ್ಲರಿಗೂ ಸೇರಿದ ನೆಲದಲ್ಲಿ ಒಬ್ಬನನ್ನು ತಡೆಯುವುದಾದರೆ, ಅವನೂ ತೂಗಿ ನೋಡಿ ಒಪ್ಪಬಹುದಾದ ಕಾರಣ ಕೊಡಬೇಕು. ‘ನೀನಿಲ್ಲದಿದ್ದರೆ ನನಗೆ ಹಿತ’ ಎಂಬುದು ಅಂಥ ಕಾರಣವಲ್ಲ.

ಬಾಗಿಲು ತೆರೆದರೆ ಸ್ಕೀಯವರು ಏನನ್ನೋ ಕಳೆದುಕೊಳ್ಳುತ್ತಾರೆ, ನಿಜ. ತಮಗೆ ಪರಿಚಿತವಾದ ಆ ನೆಮ್ಮದಿಗೂ ಬೆಲೆಯಿದೆ. ಆದರೆ ಆಸ್ಪೆನ್ ಬೆಟ್ಟ 2001ರಲ್ಲಿ, ಟಾವೋಸ್ 2008ರಲ್ಲಿ ಹಲಗೆಯವರಿಗೆ ತೆರೆದುಕೊಂಡವು. ಅಲ್ಲಿ ಸ್ಕೀ ಆಡುವವರು ಇಂದಿಗೂ ಇದ್ದಾರೆ. ನಮ್ಮ ಸುಖಕ್ಕೆ ಇನ್ನೊಬ್ಬರ ಗೈರುಹಾಜರಿ ಬೇಕೇಬೇಕು ಎನ್ನಿಸಿದಾಗ, ಮೊದಲು ಪರೀಕ್ಷಿಸಬೇಕಾದದ್ದು ಆ ಸುಖವನ್ನು.