ಕೀರ್ತಿಯೂ ಗುಣವೂ

ಬಹುಕಾಲ ಹೊಗಳಿಕೆಗೆ ಪಾತ್ರವಾದ ವಸ್ತುವೊಂದು ನಮ್ಮ ನಿರೀಕ್ಷೆಗೆ ತಕ್ಕಂತಿದೆಯೇ ಎಂದು ತೀರ್ಮಾನಿಸುವುದು ಸುಲಭವೆನಿಸಬಹುದು. ಆದರೆ ಅದು ನ್ಯಾಯಬುದ್ಧಿಯನ್ನು ಬೇಡುವ ಕಾರ್ಯ. ಹಳೆಯ ಸ್ಟುಡಿಯೋಗಳ ದೊಡ್ಡ ಕ್ಯಾಮೆರಾಗಳಲ್ಲಿದ್ದ ಮಸೂರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಂದಿಗೂ ಅದನ್ನು ಹುಡುಕಿ ಕೊಳ್ಳುವವರಿದ್ದಾರೆ. ಹಿರಿಯರು ಬಿಟ್ಟುಹೋದ ಮಸೂರವನ್ನು ಮಾರಬೇಕಾದ ಕುಟುಂಬ ಒಂದೆಡೆ, ಉಳಿತಾಯದ ಹಣದಿಂದ ಅದನ್ನು ಕೊಳ್ಳುವವನು ಇನ್ನೊಂದೆಡೆ. ನಡುವೆ ನಿಂತು ಅಭಿಪ್ರಾಯ ಹೇಳುವವನ ಮಾತು ಯಾರಿಗಾದರೂ ಅನ್ಯಾಯ ಮಾಡಬಲ್ಲದು.

1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ ರೂಪಿಸಿದ ಮಸೂರವು ಜಗತ್ಪ್ರಸಿದ್ಧವಾಯಿತು. ಅಂದಿನ ಇತರ ಮಸೂರಗಳಿಗಿಂತ ಹಲವು ಪಟ್ಟು ಬೆಳಕನ್ನು ಒಳಬಿಡುತ್ತಿದ್ದುದರಿಂದ, ಭಾವಚಿತ್ರಕ್ಕೆ ಕುಳಿತವರು ಅಲುಗದೆ ಇರಬೇಕಾದ ಹೊತ್ತು ಬಹಳ ಕಡಿಮೆಯಾಯಿತು. ಅದರ ಬಿಂಬದ ನಡುಭಾಗ ಸುಸ್ಪಷ್ಟ, ಅಂಚುಗಳು ಮಸುಕು.

ಇದನ್ನು ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿಗೆ ಒಯ್ದೆವೆಂದುಕೊಳ್ಳಿ. ಅಲ್ಲಿನ 13ನೇ ಶತಮಾನದ ಲಕ್ಷ್ಮೀನಾರಾಯಣ ದೇಗುಲದ ಗೋಡೆಯಲ್ಲಿ ರಾಮಾಯಣ, ಮಹಾಭಾರತಗಳ ಕಥೆಗಳು ಸಾಲುಸಾಲಾಗಿ ಕೆತ್ತಲ್ಪಟ್ಟಿವೆ. ಚಿತ್ರದಲ್ಲಿ ನಡುವಿನ ಶಿಲ್ಪ ಸೊಗಸಾಗಿ ಮೂಡಿ, ಬದಿಯ ಶಿಲ್ಪಗಳು ಕದಡಿದಂತಾದಾವು. 1892ರಲ್ಲಿ ರೂಪುಗೊಂಡ ಡಾಗರ್ ಮಸೂರವಾದರೋ ಅಂಚಿನವರೆಗೂ ಸ್ಪಷ್ಟತೆ ಕೊಡುತ್ತದೆ. ಆದರೆ ನಾಗಮಂಗಲದ ಸೌಮ್ಯಕೇಶವ ದೇಗುಲದ ಒಳಗಿನ ಮಬ್ಬಿನಲ್ಲಿ, ಕ್ಯಾಮೆರಾದ ಮಂಜುಗಾಜಿನ ಮೇಲೆ ಬಿಂಬವನ್ನು ಹೆಚ್ಚು ಬೆಳಕಿನಿಂದ ತೋರಿಸುವುದು ಪೆಟ್ಸ್‌ವಾಲ್ ಮಸೂರವೇ. ಶ್ರೀರಂಗಪಟ್ಟಣದ ಮನೆಯೊಂದರ ಜಗಲಿಯಲ್ಲಿ ಕುಳಿತ ಅಜ್ಜಿಯ ಮುಖಕ್ಕೂ ಅದೇ ಒಪ್ಪುತ್ತದೆ. ಅಲ್ಲಿ ಅಂಚಿನ ಮಸುಕು ನೋಟವನ್ನು ಮುಖದೆಡೆಗೆ ಸೆಳೆಯುತ್ತದೆ. ಗಾಜು ಬದಲಾಗಲಿಲ್ಲ, ನಾವು ಕೇಳಿದ ಪ್ರಶ್ನೆ ಬದಲಾಯಿತು.

ಹಾಗೆಂದು ಪ್ರತಿಯೊಂದು ಕುಂದನ್ನೂ 'ಹಳೆಯ ಕಾಲದ ಸೊಬಗು' ಎಂದು ಮರೆಮಾಚುವುದೂ ಸತ್ಯವಲ್ಲ. ಗಾಜಿಗೆ ಬೂಷ್ಟು ಹಿಡಿದಿದ್ದರೆ, ಅಂಟಿಸಿದ ಗಾಜುಗಳು ಬಿಟ್ಟುಕೊಂಡಿದ್ದರೆ, ಆಳವಾದ ಗೀರುಗಳಿದ್ದರೆ ಅದನ್ನು ಬಾಯಿಬಿಟ್ಟು ಹೇಳಲೇಬೇಕು. ಕೆಲವು ಕುಂದುಗಳು ಮಾತ್ರ ಮಸೂರದವಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕಲ್ಯಾಣಿಯನ್ನು ಸೂರ್ಯನಿಗೆ ಎದುರಾಗಿ ಚಿತ್ರಿಸಿದರೆ, ಪ್ರತಿಫಲನ ತಡೆಯುವ ಲೇಪನವಿಲ್ಲದ ಹಳೆಯ ಗಾಜಿನಲ್ಲಿ ಚಿತ್ರವು ಬಿಳಿಚಿಕೊಳ್ಳುತ್ತದೆ. ಅಂತಹ ಲೇಪನವನ್ನು ಝೈಸ್ ಸಂಸ್ಥೆಯಲ್ಲಿ ಕಂಡುಹಿಡಿದದ್ದು 1935ರಲ್ಲಿ. ಇನ್ನು, ಒರೆಸಲು ಬಿಚ್ಚಿದ ಹಿಂಬದಿಯ ಗಾಜುಗಳನ್ನು ಯಾರೋ ತಪ್ಪಾಗಿ ಜೋಡಿಸಿದ್ದರೆ ಪೆಟ್ಸ್‌ವಾಲ್ ಮಸೂರವೂ ಕೆಟ್ಟ ಚಿತ್ರವನ್ನೇ ಕೊಡುತ್ತದೆ. ಅದನ್ನು ಪರಿಶೀಲಿಸದೆ ತಿರಸ್ಕರಿಸಿದರೆ ಪರರ ತಪ್ಪಿಗೆ ಮಸೂರವನ್ನು ದಂಡಿಸಿದಂತಾಗುತ್ತದೆ.

ಆದ್ದರಿಂದ ತೀರ್ಪಿಗೆ ಮುನ್ನ ಮೂರನ್ನು ವಿಚಾರಿಸೋಣ: ಇದು ಯಾವ ಕೆಲಸಕ್ಕಾಗಿ ರೂಪುಗೊಂಡಿತು? ಇದರ ಇಂದಿನ ಸ್ಥಿತಿಯೇನು? ನಮ್ಮ ನಿರೀಕ್ಷೆ ಅನುಭವದಿಂದ ಬಂದದ್ದೋ, ಬರಿಯ ಮಾತಿನಿಂದಲೋ?

ಪ್ರಿಯ ಓದುಗರೇ, ಮನೆಗೆ ಬಂದ ಸೊಸೆಯನ್ನು, ಬುದ್ಧಿವಂತನೆಂದು ಹೆಸರಾದ ಮಗನನ್ನು, ಹೊಸದಾಗಿ ಬಂದ ಶಿಕ್ಷಕರನ್ನು ನಾವು ಅಳೆಯುವುದೂ ಅನೇಕ ಸಲ ಕೇಳಿದ ಹೊಗಳಿಕೆಯ ಅಳತೆಗೋಲಿನಿಂದಲೇ. ನಿರಾಶೆಯಾದಾಗ ಅವರನ್ನು ದೂರುತ್ತೇವೆ. ಗಾಜಿನ ತುಂಡಿಗೆ ಸಲ್ಲಬೇಕಾದ ತಾಳ್ಮೆಯ ಪರೀಕ್ಷೆ ಮನುಷ್ಯರಿಗೆ ಇನ್ನೂ ಹೆಚ್ಚಾಗಿ ಸಲ್ಲಬೇಡವೇ?