ಹೇಳಬೇಕಿತ್ತು

ನಮ್ಮ ಮನೆಯಲ್ಲಿ ಕಳ್ಳತನವಾಗಿ ಒಂದು ವರ್ಷವಾಗುತ್ತ ಬಂತು. ಬಾಗಿಲ ಚಿಲಕ ಮುರಿದಿರಲಿಲ್ಲ, ಅಲಮಾರಿ ತೆರೆದಿರಲಿಲ್ಲ, ನಾಯಿ ಕೂಡ ಬೊಗಳಿರಲಿಲ್ಲ. ಕಳ್ಳನನ್ನು ಕರೆದು ಮಣೆ ಹಾಕಿದವಳು ನಾನೇ. ಹೋದ ರೊಕ್ಕದ ಚಿಂತೆ ಈಗ ಉಳಿದಿಲ್ಲ. ಆದರೆ ರೊಕ್ಕ ಹೋದ ಮೇಲೆ ಹದಿನೈದು ದಿನ ನಾನು ಬಾಯಿ ಮುಚ್ಚಿಕೊಂಡು ಕೂತೆನಲ್ಲ, ಆ ಹದಿನೈದು ದಿನಗಳ ಲೆಕ್ಕ ಇನ್ನೂ ಮುಗಿದಿಲ್ಲ. ಅದನ್ನೇ ಇಲ್ಲಿ ಒಪ್ಪಿಸಬೇಕೆಂದಿದ್ದೇನೆ.

ಸಿಂಧನೂರಿನಲ್ಲಿ ನಾವು ಮನೆ ಮಾಡಿ ಮೂವತ್ತು ವರ್ಷ. ಅದರಲ್ಲಿ ಬಹುಪಾಲು ವರ್ಷ ನಾನು ಆರ್.ಎಚ್. ಕ್ಯಾಂಪಿನ ಶಾಲೆಗೆ ಬಸ್ಸಿನಲ್ಲಿ ಹೋಗಿ ಬಂದು ನೌಕರಿ ಮಾಡಿದವಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಇಬ್ಬರೇ. ನಮ್ಮವರಿಗೆ ಕ್ರಿಕೆಟ್, ನನಗೆ ಸೀರಿಯಲ್ಲು ಮತ್ತು ಹಳೆಯ ಸಿನಿಮಾ. ಅವೆಲ್ಲ ಈಗ ಫೋನಿನೊಳಗೆ ಹೊಕ್ಕಿವೆ, ಒಂದೊಂದಕ್ಕೂ ಬೇರೆ ಬೇರೆ ಚಂದಾ. ವರ್ಷಕ್ಕೆ ಸಾವಿರಾರು ರೂಪಾಯಿ ಕೊಡುವುದೆಂದರೆ ಪಿಂಚಣಿಯ ಕೈ ಹಿಂಜರಿಯುತ್ತದೆ.

ಅಂಥ ಹೊತ್ತಿನಲ್ಲಿ ಫೋನಿನ ಒಂದು ಗುಂಪಿನಲ್ಲಿ ಸಂದೇಶ ಬಂತು. ಹೆಸರಾಂತ ಆ್ಯಪೊಂದರ ಒಂದು ವರ್ಷದ ಖಾತೆ, ಬರೀ 249 ರೂಪಾಯಿಗೆ. ರೊಕ್ಕ ಕಳಿಸಿದೆ. ಹತ್ತು ನಿಮಿಷದಲ್ಲಿ ಯಾರದೋ ಇಮೇಲು, ಒಂದು ಪಾಸ್‌ವರ್ಡು ಬಂದವು. ತೆರೆದರೆ ಎಲ್ಲ ಸಿನಿಮಾ ಸಾಲಾಗಿ ನಿಂತಿವೆ! ಆ ರಾತ್ರಿ ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ. ಅಷ್ಟಕ್ಕೆ ಸುಮ್ಮನಿರದೆ, ಸಿಕ್ಕಸಿಕ್ಕವರಿಗೆಲ್ಲ ಆ ಮನುಷ್ಯನ ನಂಬರು ಕಳಿಸಿದೆ.

ಖಾತೆ ತೆರೆದಾಗ ಅದರಲ್ಲಿ ಇನ್ನು ನಾಲ್ಕು ಹೆಸರುಗಳಿದ್ದವು. ಒಬ್ಬರು ಮಕ್ಕಳ ಕಾರ್ಟೂನನ್ನು ಅರ್ಧ ನೋಡಿ ನಿಲ್ಲಿಸಿದ್ದರು. ಇದು ಬೇರೆ ಯಾರದೋ ಮನೆ, ಅವರ ಪಡಸಾಲೆಯಲ್ಲಿ ನಾನು ಹೇಳದೆ ಕೇಳದೆ ಕೂತಿದ್ದೇನೆ ಎಂದು ಆ ಕ್ಷಣಕ್ಕೆ ಅನ್ನಿಸಿತು. ಅನ್ನಿಸಿದ್ದನ್ನು ಬದಿಗೆ ಸರಿಸಿ ಸಿನಿಮಾ ಹಚ್ಚಿದೆ.

ನಮ್ಮ ಸೀಮೆಯವರಿಗೆ ಇದನ್ನು ಅರ್ಥ ಮಾಡಿಸಲು ದೂರ ಹೋಗಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೋಡಿದರೆ ಸಾಕು. ಕಾಲುವೆ ತುಂಬ ನೀರು ಹರಿಯುವಾಗ ದಂಡೆಯ ಮೇಲಿನ ಒಬ್ಬ ರೈತ ರಾತ್ರಿ ಪೈಪು ಬಿಡುತ್ತಾನೆ. ಇಷ್ಟು ನೀರಿನಲ್ಲಿ ನನ್ನದೊಂದು ಪೈಪು ಯಾವ ಲೆಕ್ಕ ಎಂಬುದು ಅವನ ಮಾತು. ಹಾಗೆ ಅಂದುಕೊಂಡವರು ಹೆಚ್ಚಾಗಿ, ಕೊನೆ ಭಾಗದ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಆ ರೈತರು ಗೇಜಿನ ಮುಂದೆ ಧರಣಿ ಕೂರುವುದನ್ನು ವರ್ಷ ವರ್ಷ ನೋಡಿದ್ದೇವೆ. ಪೈಪು ಬಿಟ್ಟವರನ್ನು ನಾನೂ ಬಾಯ್ತುಂಬ ಬೈದಿದ್ದೇನೆ. ಈಗ ನನ್ನ ಕೈಯಲ್ಲೇ ಒಂದು ಪೈಪಿತ್ತು.

ಕಾನೂನು ಕೂಡ ಇದನ್ನು ಬಹಳ ಹಿಂದೆಯೇ ಹೇಳಿದೆ. ನಮ್ಮ ದೇಶದ ಸರಕು ಮಾರಾಟ ಕಾಯಿದೆ 1930ರದು. ಅದರ 27ನೆಯ ಕಲಮಿನ ತಿರುಳು ಇಷ್ಟು: ಮಾರಿದವನಿಗೆ ವಸ್ತುವಿನ ಮೇಲೆ ಎಷ್ಟು ಹಕ್ಕಿದೆಯೋ, ಕೆಲವು ವಿನಾಯಿತಿ ಬಿಟ್ಟರೆ, ಕೊಂಡವನಿಗೂ ಅಷ್ಟೇ ಹಕ್ಕು. ಫೋನಿನ ಖಾತೆ ಸರಕಲ್ಲ, ನೋಡಲು ಕೊಟ್ಟ ಅನುಮತಿ ಮಾತ್ರ. ಆದರೂ ನ್ಯಾಯ ಅದೇ. ತನ್ನದಲ್ಲದ್ದನ್ನು ಮಾರಿದವನಿಂದ ನನ್ನದಾಗುವಂಥದ್ದು ಏನು ಬಂದೀತು? ಒಂದೇ ಮನೆಯವರು ಹಂಚಿಕೊಂಡು ನೋಡುವುದಕ್ಕೆ ಕಂಪನಿಗಳೇ ಅವಕಾಶ ಕೊಡುತ್ತವೆ. ಮನೆಯ ಹೊರಗಿನವರಿಗೆ ಪಾಸ್‌ವರ್ಡು ಹಂಚುವುದನ್ನು ನೆಟ್‌ಫ್ಲಿಕ್ಸ್ 2023ರ ಜುಲೈನಲ್ಲಿ ಭಾರತದಲ್ಲೂ ತಡೆಯತೊಡಗಿತು. ನಾನು ಕೊಂಡದ್ದು ಕದ್ದ ಖಾತೆಯೋ, ಕದ್ದ ಕಾರ್ಡಿನಿಂದ ತೆಗೆದದ್ದೋ ಈಗಲೂ ತಿಳಿಯದು. ತಿಳಿಯಬೇಕೆಂದು ಆಗ ಅನ್ನಿಸಿರಲೇ ಇಲ್ಲ.

ಹನ್ನೆರಡನೆಯ ದಿನ ಪಾಸ್‌ವರ್ಡು ಬದಲಾಯಿತು. ಆ ಮನುಷ್ಯನಿಗೆ ಬರೆದೆ. ಬಹಳ ಮರ್ಯಾದೆಯಿಂದ ಉತ್ತರ ಬಂತು: ಸರ್ವರ್ ತೊಂದರೆ ಮೇಡಂ, ನಿಮ್ಮ ರೊಕ್ಕ ವಾಪಸ್ ಕೊಡುತ್ತೇವೆ, ಈ ಚಿತ್ರ ಸ್ಕ್ಯಾನ್ ಮಾಡಿ ಪಿನ್ ಒತ್ತಿ. ಒತ್ತಿದೆ. ಪರದೆಯ ಮೇಲೆ 249 ಎಂದೇ ಓದಿಕೊಂಡೆ. ಅದರ ಹಿಂದೆ ಒಂದು ನಾಲ್ಕು ನಿಂತಿತ್ತು. ನನ್ನ ಖಾತೆಯಿಂದ 4,249 ರೂಪಾಯಿ ಹೋಗಿತ್ತು. ಸ್ಕ್ಯಾನ್ ಮಾಡಿ ಪಿನ್ ಒತ್ತುವುದು ರೊಕ್ಕ ಕೊಡುವುದಕ್ಕೆ, ತೆಗೆದುಕೊಳ್ಳುವುದಕ್ಕೆ ಪಿನ್ ಬೇಕಾಗಿಲ್ಲ. ತರಕಾರಿ ಮಾರುವವಳಿಗೂ ತಿಳಿದ ಈ ಸಂಗತಿ ಮೂವತ್ತು ವರ್ಷ ಗಣಿತ ಕಲಿಸಿದವಳಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಮಾಡಬೇಕಾದ್ದೇನು? ಗಂಡನಿಗೆ ಹೇಳಬೇಕು, ಬ್ಯಾಂಕಿಗೆ ಹೇಳಬೇಕು, ಪೊಲೀಸರಿಗೆ ಹೇಳಬೇಕು. ನಂಬರು ಯಾರುಯಾರಿಗೆ ಕಳಿಸಿದ್ದೆನೋ ಅವರಿಗೆಲ್ಲ ಮೊದಲು ಹೇಳಬೇಕು. ನಾನು ಒಬ್ಬರಿಗೂ ಹೇಳಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಟೀಚರಾದವಳು 249 ರೂಪಾಯಿಯ ಆಸೆಗೆ ಬಿದ್ದಳಂತೆ ಎಂಬ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ದೂರು ಕೊಡಲು ಹೋದರೆ ಏನು ಕೊಂಡಿರಿ, ಯಾರಿಂದ ಕೊಂಡಿರಿ ಎಂದು ಕೇಳುವರಲ್ಲ. ಮೋಸ ಮಾಡಿದವನು ನನ್ನ ಬಾಯಿ ಕಟ್ಟುವ ಕಷ್ಟ ತೆಗೆದುಕೊಳ್ಳಲಿಲ್ಲ. ನನ್ನ ಸಣ್ಣ ತಪ್ಪೇ ಕಟ್ಟಿತು. ಇಂಥ ಅಗ್ಗದ ವ್ಯಾಪಾರದ ಗುಟ್ಟು ಇದೇ ಇರಬೇಕು. ಕೊಳ್ಳುವವರ ಮನಸ್ಸಿನಲ್ಲೂ ಒಂದು ಚೂರು ಕಳ್ಳತನವಿದ್ದರೆ ಅವರು ಕೂಗಿಕೊಳ್ಳುವುದಿಲ್ಲ.

ಹದಿನೈದು ದಿನ ಕಳೆದವು. ದಸರೆ ಹತ್ತಿರ ಬಂದಿತ್ತು. ಒಂದು ಸಂಜೆ ಕ್ಯಾಂಪಿನ ಮಾಸಿ ಬಂದು ಕಟ್ಟೆಯ ಮೇಲೆ ಕೂತಳು.

ಮಾಸಿ ಎಂದರೆ ಬಂಗಾಳಿಯಲ್ಲಿ ತಾಯಿಯ ಅಕ್ಕ ಇಲ್ಲವೆ ತಂಗಿ. ಶಾಲೆಯ ಮಕ್ಕಳು ಹಾಗೆ ಕರೆಯುತ್ತಿದ್ದರೆಂದು ನನಗೂ ಮಾಸಿ. ಆರ್.ಎಚ್. ಎಂದರೆ ರಿಹ್ಯಾಬಿಲಿಟೇಷನ್, ಪುನರ್ವಸತಿ. ಅಂದಿನ ಪೂರ್ವ ಪಾಕಿಸ್ತಾನದಲ್ಲಿ ಮನೆಮಾರು ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಅರ್ಧ ಶತಮಾನದ ಹಿಂದೆ ಸರ್ಕಾರ ಸಿಂಧನೂರು ತಾಲ್ಲೂಕಿನಲ್ಲಿ ಮಾಡಿಕೊಟ್ಟ ನೆಲೆಗಳಿವು. ಊರಿಗೆ ಹೆಸರಿನ ಬದಲು ನಂಬರು. ಎರೆ ಹೊಲದಲ್ಲಿ ಭತ್ತ ಬೆಳೆದು, ನಮ್ಮ ಮಾತು ಕಲಿತು, ವರ್ಷಕ್ಕೊಮ್ಮೆ ದುರ್ಗಾಪೂಜೆಯಲ್ಲಿ ತಮ್ಮ ಊರನ್ನು ಮತ್ತೆ ಕಟ್ಟಿಕೊಳ್ಳುವ ಜನ. ಮಾಸಿ ಸೀರೆಗೆ ಸೂಜಿ ಕೆಲಸ ಹಾಕಿ ಪೇಟೆಗೆ ಕೊಡುತ್ತಾಳೆ. ಅವಳ ಕನ್ನಡ ಅಪ್ಪಟ ರಾಯಚೂರು ಕಡೆಯದು.

"ಟೀಚರ್, ನಿಮ್ಮ ಮನುಷ್ಯ ಫೋನ್ ಎತ್ತವಲ್ಲರಿ" ಅಂದಳು.

"ಯಾವ ಮನುಷ್ಯ?" ಎಂದೆ. ಕೇಳುವಾಗಲೇ ಎದೆ ಧಸಕ್ಕೆಂದಿತು.

"ನಂಬರ್ ಕೊಟ್ಟಿದ್ರಲ್ರಿ. ಮೊಮ್ಮಗಳಿಗೆ ಡಾಕ್ಟರ್ ಪರೀಕ್ಷಾದ ಕ್ಲಾಸ್ ಬೇಕಂತ ಕೇಳಿದ್ದೆ. ಬಾಳ ಕಡಿಮಿಗೆ ಕೊಡ್ತೀನಿ ಅಂದ."

ನೀಟ್ ಪರೀಕ್ಷೆಯ ಆನ್‌ಲೈನ್ ಪಾಠದ ಖಾತೆ. ಮೊದಲು 2,500 ಕೇಳಿದ್ದಾನೆ. ಆಮೇಲೆ ಜಿಎಸ್‌ಟಿ ಎಂದಿದ್ದಾನೆ. ಆಮೇಲೆ ವಾಪಸ್ ಬರುವ ಠೇವಣಿ ಎಂದಿದ್ದಾನೆ. ಕೊಟ್ಟದ್ದು ಮುಳುಗಬಾರದೆಂದು ಮತ್ತೆ ಮತ್ತೆ ಕೊಟ್ಟು, ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ 7,300 ರೂಪಾಯಿ. ಪೂಜೆಗೆ ಹೊಸ ಬಟ್ಟೆಗೆಂದು ಸೂಜಿಯ ಮೊನೆಯಲ್ಲಿ ಕೂಡಿಸಿದ ರೊಕ್ಕ.

ನಾನು ಆಗ ಎಲ್ಲವನ್ನೂ ಹೇಳಿದೆ. 249, ಪಿನ್ನು, ಹದಿನೈದು ದಿನ, ಎಲ್ಲ. ಮಾಸಿ ಬಹಳ ಹೊತ್ತು ಸುಮ್ಮನಿದ್ದಳು. ಆ ರೊಕ್ಕ ನಾನು ಕೊಡುತ್ತೇನೆ ಎಂದೆ. ಅವಳು ತಲೆ ಅಲ್ಲಾಡಿಸಿದಳು. "ರೊಕ್ಕ ಬ್ಯಾಡ್ರಿ. ನೀವು ಹೇಳಬೇಕಿತ್ತು" ಅಂದಳು. ಅಷ್ಟೇ.

ಬೈದಿದ್ದರೆ ಹಗುರವಾಗುತ್ತಿತ್ತು. ನನ್ನ ಮೌನಕ್ಕೆ ಒಂದು ಬೆಲೆಯಿತ್ತು, ಅದನ್ನು ಕೊಟ್ಟವಳು ಅವಳು. ನಾನು ಆಸೆಗೆ ಕೊಂಡೆ, ಅವಳು ಅಗತ್ಯಕ್ಕೆ ಕೊಂಡಳು. ಅದು ಕದ್ದ ಮಾಲು ಎಂಬ ಸುಳಿವೂ ಅವಳಿಗಿರಲಿಲ್ಲ. ಟೀಚರ್ ಕೊಟ್ಟ ನಂಬರು ಎಂಬುದೇ ಅವಳಿಗೆ ಸಾಕಾಗಿತ್ತು. ನಾವು ಒಬ್ಬರಿಗೆ ಒಂದು ನಂಬರು ಕಳಿಸುವಾಗ ನಮ್ಮ ಮಾತಿನ ಜಾಮೀನನ್ನೂ ಅದರ ಜೊತೆಗೆ ಕಳಿಸುತ್ತೇವೆ. ಜಾಮೀನು ನಿಂತವನು ಸಾಲಗಾರ ಓಡಿಹೋದದ್ದನ್ನು ಬಚ್ಚಿಟ್ಟರೆ ಅವನನ್ನು ಏನೆನ್ನುತ್ತೇವೆ?

ಅಲ್ಲೇ ಕಟ್ಟೆಯ ಮೇಲೆ ಕೂತು 1930ಕ್ಕೆ ಫೋನ್ ಮಾಡಿದೆವು. ಸೈಬರ್ ಮೋಸದ ದೂರಿಗೆ ಇಡೀ ದೇಶಕ್ಕೆ ಇರುವ ನಂಬರಿದು. 2021ರಲ್ಲಿ 155260 ಎಂದು ಶುರುವಾಗಿ ಮುಂದೆ 1930 ಆಯಿತು. ಯಾವ ಬ್ಯಾಂಕಿನಿಂದ, ಎಷ್ಟು ಹೊತ್ತಿಗೆ, ಎಷ್ಟು ರೂಪಾಯಿ, ವ್ಯವಹಾರದ ನಂಬರೇನು ಎಂದು ಕೇಳಿದರು. ಏನು ಕೊಳ್ಳಲು ಹೋಗಿದ್ದಿರಿ ಎಂದೂ ಕೇಳಿದರು. ಮಾಸಿ ನಾಚದೆ ಹೇಳಿದಳು. ಆಕಾಶ ಕಳಚಿ ಬೀಳಲಿಲ್ಲ. ದೂರು ದಾಖಲಾದ ಕೂಡಲೇ ರೊಕ್ಕ ಹೋಗಿ ಸೇರಿದ ಬ್ಯಾಂಕಿಗೆ ಸುದ್ದಿ ಮುಟ್ಟುತ್ತದಂತೆ. ಅಲ್ಲಿ ಉಳಿದಷ್ಟನ್ನು ತಡೆಹಿಡಿಯುತ್ತಾರೆ, ಮುಂದಕ್ಕೆ ಹೋಗಿದ್ದರೆ ಅದರ ಬೆನ್ನು ಹತ್ತುತ್ತಾರೆ. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ಓಡಿಸುವ ಮುಂಚೆ ಹಿಡಿಯಬೇಕಾದ ಓಟವಿದು. ಅದಕ್ಕೇ ಮೊದಲ ಗಂಟೆಗಳಿಗೆ ಅಷ್ಟು ಬೆಲೆ. ಮಾಸಿಯ ರೊಕ್ಕದಲ್ಲಿ ಅರ್ಧಕ್ಕಿಂತ ತುಸು ಕಡಿಮೆ ತಡೆಹಿಡಿಯಲಾಗಿದೆ ಎಂದು ತಿಳಿಯಿತು. ಅದು ಕೈಗೆ ಬರುವ ಕಾಗದಪತ್ರದ ದಾರಿ ಬೇರೆಯೇ ಇದೆ, ಇರಲಿ. ನನ್ನದು ಒಂದು ಪೈಸೆಯೂ ಸಿಗಲಿಲ್ಲ. ಓದಿದವಳು ಮಾನಕ್ಕೆ ಅಂಜಿ ಹದಿನೈದು ದಿನ ಕೂತಳು. ಅವಳು ಅದೇ ಸಂಜೆ ಎದ್ದು ಬಂದಳು.

ಆಮೇಲೆ ಯೋಚಿಸಿದರೆ, ಈ ಮೋಸಗಳೆಲ್ಲ ನಮ್ಮನ್ನು ಒಂಟಿ ಮಾಡುವುದರ ಮೇಲೆಯೇ ನಿಂತಿವೆ. ಡಿಜಿಟಲ್ ಅರೆಸ್ಟ್ ಎಂದು ಹೆದರಿಸುವವರು, ಯಾರಿಗೂ ಹೇಳಬೇಡಿ, ಫೋನ್ ಇಡಬೇಡಿ ಎಂಬುದನ್ನೇ ಮೊದಲು ಹೇಳುತ್ತಾರೆ. ನಮ್ಮ ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಿಯವರ ಮನ್ ಕಿ ಬಾತ್‌ನಲ್ಲಿ ಅಂಥದೊಂದು ಕರೆಯನ್ನು ಇಡೀ ದೇಶಕ್ಕೆ ಕೇಳಿಸಿದ್ದು ನಿಮಗೆ ನೆನಪಿರಬಹುದು. ಅದು ನಮ್ಮ ವಿಜಯಪುರದವರೊಬ್ಬರಿಗೆ ಬಂದ ಕರೆ. ಅವರು ಅದನ್ನು ತಮ್ಮೊಳಗೇ ಇಟ್ಟುಕೊಳ್ಳದ್ದರಿಂದ ಎಷ್ಟು ಮನೆ ಎಚ್ಚರಗೊಂಡವೋ ಯಾರು ಬಲ್ಲರು!

ಹಾಗಾದರೆ ಯಾರನ್ನೂ ನಂಬಬಾರದೆ? ನನ್ನ ಮನಸ್ಸು ಒಪ್ಪುವುದಿಲ್ಲ. ಕ್ಯಾಂಪಿನವರು ಬಂದ ಹೊಸದರಲ್ಲಿ ಅವರ ಮಾತೇ ತಿಳಿಯದ ಅಂಗಡಿಯವರು ಅಕ್ಕಿ, ಬೇಳೆ ಉದ್ರಿ ಕೊಟ್ಟಿದ್ದರಂತೆ. ಸುಗ್ಗಿ ಬಂದಾಗ ಅವರು ತೀರಿಸಿದರಂತೆ. ಮಾಸಿ ಅದನ್ನು ಈಗಲೂ ನೆನೆಯುತ್ತಾಳೆ. ಆದರೆ ಅಂಗಡಿಯವನಿಗೆ ಅವರ ಗುಡಿಸಲು ಎಲ್ಲಿದೆಯೆಂದು ಗೊತ್ತಿತ್ತು, ಅವರಿಗೆ ಅವನ ಅಂಗಡಿ ಗೊತ್ತಿತ್ತು. ನಂಬಿಕೆಗೆ ಒಂದು ವಿಳಾಸವಿತ್ತು. ಗುರುತಿಗೆ ಎಷ್ಟು ಬೆಲೆಯೆಂದು ಈ ಜನರಷ್ಟು ಬಲ್ಲವರು ಕಡಿಮೆ. ಪೌರತ್ವದ ಕಾಗದಕ್ಕಾಗಿ ದಶಕಗಟ್ಟಲೆ ಕಾದವರಲ್ಲಿ ಕೆಲವರಿಗೆ ಅದು ಕೈಸೇರಿದ್ದು 2024ರಲ್ಲಿ. ಹಾಗಿರುವಾಗ ಊರಿಲ್ಲದ, ಮುಖವಿಲ್ಲದ ಒಬ್ಬನ ಕೈಗೆ ನಾವು ಆಧಾರಿನ ಫೋಟೋವನ್ನೂ ಓಟಿಪಿಯನ್ನೂ ಹೇಗೆ ಇಡುತ್ತೇವೋ!

ಮುಂದಿನ ವಾರ ಸ್ವಸಹಾಯ ಸಂಘದ ಸಭೆಯಲ್ಲಿ ಎದ್ದು ನಿಂತು ನನ್ನ ಕಥೆ ಹೇಳಿದೆ. ಕಾಲು ನಡುಗಿದವು. ಕಲಿತದ್ದನ್ನೂ ಹೇಳಿದೆ. ಚಂದಾ ಕಟ್ಟುವುದಾದರೆ ಆ ಕಂಪನಿಯದೇ ಆ್ಯಪಿನಲ್ಲಿ, ನಮ್ಮದೇ ನಂಬರಿನಿಂದ ಕಟ್ಟಬೇಕು. ಎಷ್ಟೋ ರೀಚಾರ್ಜ್‌ಗಳ ಜೊತೆಗೇ ಚಂದಾ ಸಿಗುತ್ತದೆ, ಮೊದಲು ಅದನ್ನು ವಿಚಾರಿಸಬೇಕು. ವರ್ಷದ್ದು ಭಾರವಾದರೆ ಬೇಕಾದ ತಿಂಗಳಷ್ಟೇ ಕಟ್ಟಿ ಬಿಡಬಹುದು. ತಾನಾಗಿ ರೊಕ್ಕ ಕಡಿತವಾಗುವ ಆಟೋಪೇ ಎಂಬುದನ್ನು ಆಗಾಗ ತೆರೆದು ನೋಡಿ, ಬೇಡದ್ದನ್ನು ನಿಲ್ಲಿಸಬೇಕು. ಸಹಾಯವಾಣಿಯ ನಂಬರನ್ನು ಕಂಡಲ್ಲಿ ಹುಡುಕದೆ ಆ್ಯಪಿನೊಳಗೇ ನೋಡಬೇಕು. ಫೋನಿನ ಪರದೆ ಹಂಚಿಕೊಳ್ಳಿ ಎಂದವನಿಗೆ ಅಲ್ಲೇ ಕೈ ಮುಗಿಯಬೇಕು. ಹೋದರೆ ಕೂಡಲೇ 1930, ಬ್ಯಾಂಕು, ಜಿಲ್ಲೆಯ ಸೆನ್ ಪೊಲೀಸ್ ಠಾಣೆ. ಸಂದೇಶಗಳನ್ನು ಅಳಿಸಬಾರದು, ಅವೇ ಸಾಕ್ಷಿ.

ಇಷ್ಟೆಲ್ಲ ಹೇಳಿ ಕೂತಾಗ ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬಾಕೆ, "ನಂದೂ ಹೋಗ್ಯಾವ್ರಿ ಅಕ್ಕಾರ, ಮನ್ಯಾಗ ಹೇಳಿಲ್ಲ" ಅಂದಳು. ಆಮೇಲೆ ಇನ್ನೊಬ್ಬಳು. ಮತ್ತೊಬ್ಬಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆಯನ್ನು ನಂಬಿ ನಾವು ಇಷ್ಟು ಜನ ಒಂದೇ ಕೋಣೆಯಲ್ಲಿ ಬೇರೆ ಬೇರೆಯಾಗಿ ಕೂತಿದ್ದೆವು.

ಮಾಸಿಯ ರೊಕ್ಕದ ವಿಷಯ ಕೇಳುತ್ತೀರಿ. ಅವಳು ನನ್ನಿಂದ ತೆಗೆದುಕೊಳ್ಳಲಿಲ್ಲ. ಆದರೆ ಮೊಮ್ಮಗಳ ಪಾಠದ ಚಂದಾವನ್ನು ಅಧಿಕೃತ ಆ್ಯಪಿನಲ್ಲಿ, ಆ ಹುಡುಗಿಯ ಹೆಸರಿನಲ್ಲೇ, ಕಂತಿನಲ್ಲಿ ನಾನು ಕಟ್ಟುತ್ತಿದ್ದೇನೆ. ಮಾಸಿ ಅದನ್ನು ಸಾಲವೆಂದು ಬರೆದಿಟ್ಟುಕೊಂಡಿದ್ದಾಳೆ. ಯಾರು ಯಾರಿಗೆ ಸಾಲಗಾರರು ಎಂಬುದರಲ್ಲಿ ನಮ್ಮಿಬ್ಬರ ಲೆಕ್ಕ ಇನ್ನೂ ಕೂಡಿಲ್ಲ.