ಆಟದ ಪಕ್ಷ, ಮನೆಯ ಐಕ್ಯ

ಅಭಿಮಾನವು ಎರಡಾದರೆ ಸಂಸಾರವು ಒಡೆಯಬೇಕೆ? ಕೊಲ್ಕತ್ತದ ಕಾಲ್ಚೆಂಡಿನ ಬಯಲಲ್ಲಿ 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್ ಸಂಘಕ್ಕೂ 1920ರ ಈಸ್ಟ್ ಬೆಂಗಾಲ್ ಸಂಘಕ್ಕೂ ಹಳೆಯ ಪೈಪೋಟಿ. ಪಶ್ಚಿಮ ಬಂಗಾಳದ ಮೂಲದವರು ಬಹುಮಟ್ಟಿಗೆ ಮೊದಲನೆಯದನ್ನು, ಪೂರ್ವ ಬಂಗಾಳದಿಂದ ಬಂದವರು ಎರಡನೆಯದನ್ನು ತಮ್ಮದೆಂದರು. ಇವರೊಳಗೆ ಲಗ್ನವಾದಲ್ಲಿ ಪತಿಯದೊಂದು ತಂಡ, ಸತಿಯದೊಂದು ತಂಡ.

1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಇದೇ ಪಕ್ಷಪಾತವು ಹೊಡೆದಾಟವಾಗಿ, ನೂಕುನುಗ್ಗಲಿನಲ್ಲಿ 16 ಮಂದಿ ಮಡಿದರು. ಅಂಥ ಕಿಚ್ಚನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳದೆ ಬಾಳುವ ದಂಪತಿಗಳು ಧನ್ಯರು. ಒಂದೇ ಬಣ್ಣವನ್ನು ಮೆಚ್ಚುವುದು ಏಕೋಭಾವವಲ್ಲ. ತನ್ನ ಗೆಲವಿನ ಹೊತ್ತಿನಲ್ಲಿ ಎದುರಿನವರ ಮನ ನೋಯದಂತೆ ನಡೆವುದೇ ಏಕೋಭಾವ. ಗೆದ್ದವರು ಬೀಗಿದರೆ ಮನೆಯೇ ಸೋತಂತೆ. ಆದುದರಿಂದ ಗೆದ್ದ ಸಂಜೆ ಗೆದ್ದವರೇ ಎಡೆಮಾಡಿ, ಸೋತವರಿಗೆ ಮೊದಲು ಬಡಿಸಲಿ. ಆ ವಿನಯವೇ ದಾಸೋಹ.